ಹದಿಮೂರನೇ ಮರಿ: ಕಾರ್ನ್ ಸ್ನೇಕ್ ಊಟದ ದಿನಚರಿ, ಆಗಸ್ಟ್‌ನಿಂದ ಡಿಸೆಂಬರ್

ಕಾರ್ನ್ ಸ್ನೇಕ್ ಅಮೆರಿಕದ ವಿಷವಿಲ್ಲದ ಹಾವು. ನಮ್ಮಲ್ಲಿ ಈ ಸಲ ಅದರ ಮೊಟ್ಟೆಗಳಿಂದ ಹದಿಮೂರು ಮರಿಗಳು ಬಂದವು. ಮೊದಲ ಪೊರೆ ಬಿಟ್ಟ ಮೇಲೆ ಹತ್ತು ಮರಿಗಳು ಮೊದಲ ದಿನ ಇಟ್ಟ ಪಿಂಕಿಯನ್ನೇ ನುಂಗಿದವು, ಇನ್ನೆರಡು ಮೂರನೇ ಸಲಕ್ಕೆ ಒಪ್ಪಿಕೊಂಡವು. ಉಳಿದದ್ದು ಒಂದು. ಡಬ್ಬಿಯ ಮೇಲೆ 13 ಎಂದು ಬರೆದಿದೆ. ಈ ದಿನಚರಿ ಅದರದ್ದು.

ಪಿಂಕಿ ಎಂದರೆ ಹುಟ್ಟಿ ಒಂದೆರಡು ದಿನವಾದ, ಮೈಮೇಲೆ ಕೂದಲಿಲ್ಲದ ಇಲಿಮರಿ. ಅಮೆರಿಕದಲ್ಲಿ ಹಾವಿನ ಆಹಾರವೆಂದೇ ಹೆಪ್ಪುಗಟ್ಟಿಸಿ ಮಾರುತ್ತಾರೆ. ಈ ಮರಿಗಳಿರುವುದು ಓಹಾಯೊದಲ್ಲಿ. ಊರಿನಲ್ಲಿ ಇದನ್ನು ಓದುತ್ತಿರುವವರು ಗಮನಿಸಬೇಕು: ಕೇರೆಯಿಂದ ಹಿಡಿದು ನಾಗರದವರೆಗೆ ಭಾರತದ ಕಾಡುಹಾವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅಂಗಳದಲ್ಲಿ ಸಿಕ್ಕ ಮರಿಗೆ ಈ ಉಪಾಯಗಳನ್ನು ಮಾಡಲು ಹೋಗಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.

ಆಗಸ್ಟ್ 14
28 ಡಿಗ್ರಿ ಕಾವಿನಲ್ಲಿ 61ನೇ ದಿನ ಮೊಟ್ಟೆ ಸೀಳಿ ಹೊರಬಂತು. ತೂಕ 6.4 ಗ್ರಾಂ. ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಭಾಗ ಇನ್ನೂ ಉಳಿದಿರುತ್ತದೆ, ಅದೇ ಅದರ ಬುತ್ತಿ. ಆಹಾರ ಇಡಲಿಲ್ಲ.

ಆಗಸ್ಟ್ 24
ನಿನ್ನೆ ಮೊದಲ ಪೊರೆ ಬಿಟ್ಟಿದೆ, ತಲೆಯಿಂದ ಬಾಲದವರೆಗೆ ಒಂದೇ ತುಂಡು. ಇಂದಿನ ತೂಕ 5.9 ಗ್ರಾಂ. ಮುಂದಿನ ಲೆಕ್ಕಕ್ಕೆಲ್ಲ ಇದೇ ಆಧಾರ ತೂಕ. ಹುಟ್ಟಿದ ದಿನದ ತೂಕವನ್ನು ಹಿಡಿದರೆ, ಹಳದಿ ಕರಗಿ ಇಳಿದದ್ದೂ ಉಪವಾಸದ ಲೆಕ್ಕಕ್ಕೆ ಸೇರಿ ಸುಮ್ಮನೆ ಗಾಬರಿಯಾಗುತ್ತದೆ. ಈ ಮರಿಗೆ ನಾವು ಹಾಕಿಕೊಂಡ ಗೆರೆ 5.0 ಗ್ರಾಂ, ಅಂದರೆ ಶೇ 15ರ ಇಳಿಕೆ. ಅಲ್ಲಿಗೆ ಮುಟ್ಟುವವರೆಗೆ ಬಾಯಿಗೆ ತುರುಕುವ ಮಾತಿಲ್ಲ. 0.1 ಗ್ರಾಂ ತೋರಿಸುವ ಚಿನ್ನದಂಗಡಿ ಬಗೆಯ ಚಿಕ್ಕ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಅಡುಗೆಮನೆಯ ತಕ್ಕಡಿಗೆ 5.9ಕ್ಕೂ 5.5ಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ.

ಆಗಸ್ಟ್ 26
ಮೊದಲ ಪಿಂಕಿ, 1.4 ಗ್ರಾಂ. ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಭಾಗಕ್ಕೆ ಇಳಿಸಿ ಕರಗಿಸಿದ್ದು. ಕೊಡುವ ಮೊದಲು ಜಿಪ್ ಚೀಲದಲ್ಲಿ ಹಾಕಿ 40 ಡಿಗ್ರಿ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ, ಕಾಗದದಿಂದ ಒರೆಸಿ, ಅಡಗುಗೂಡಿನ ಬಾಗಿಲಲ್ಲಿ ಇಟ್ಟೆವು. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಬಾರದು: ಒಳಗೆ ಬೆಂದು ಹೊಟ್ಟೆ ಒಡೆಯುತ್ತದೆ. ರಾತ್ರಿಯೆಲ್ಲ ಹಾಗೇ ಇತ್ತು. ಬೆಳಿಗ್ಗೆ ತೆಗೆದು ಎಸೆದೆವು. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸುವುದಿಲ್ಲ.

ಆಗಸ್ಟ್ 31
ಅದೇ ಕ್ರಮ, ಅದೇ ಫಲ. 5.8 ಗ್ರಾಂ.

ಸೆಪ್ಟೆಂಬರ್ 5
ಇಂದು ಆಹಾರ ಇಡಲಿಲ್ಲ, ಡಬ್ಬಿಯನ್ನು ಪರೀಕ್ಷಿಸಿದೆವು. ಮರಿ ತಿನ್ನದಿದ್ದರೆ ಎಲ್ಲರೂ ಇಲಿಯನ್ನು ಬದಲಿಸುತ್ತಾರೆ, ಡಬ್ಬಿಯನ್ನು ನೋಡುವುದೇ ಇಲ್ಲ. ತಪ್ಪು ಹೆಚ್ಚಾಗಿ ಅಲ್ಲೇ ಇರುತ್ತದೆ. ಇಲ್ಲೂ ಇತ್ತು. ಕಾವು ಹತೋಟಿಯಲ್ಲಿಡುವ ಥರ್ಮೋಸ್ಟಾಟ್‌ನ ತಂತಿಯ ತುದಿ ಮರದ ಹೊಟ್ಟಿನ ಮೇಲೆ ಕೂತಿತ್ತು, ಅಲ್ಲಿ 29 ಡಿಗ್ರಿ. ಮರಿ ಮಾತ್ರ ಹೊಟ್ಟಿನೊಳಗೆ ಹುದುಗಿ ಡಬ್ಬಿಯ ತಳಕ್ಕೇ ಅಂಟಿಕೊಂಡು ಮಲಗುತ್ತದೆ. ಹೊಟ್ಟು ಸರಿಸಿ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ತಳದಲ್ಲಿ 34! ಬೆಚ್ಚಗಿನ ಮೂಲೆಯೇ ಸುಡುತ್ತಿದ್ದರೆ ಹಾವು ದಿನವಿಡೀ ತಣ್ಣನೆಯ ಮೂಲೆಯಲ್ಲಿರುತ್ತದೆ. ಅಲ್ಲಿ ಜೀರ್ಣಿಸಿಕೊಳ್ಳುವಷ್ಟು ಬಿಸಿ ಇಲ್ಲ, ಹಾಗಾಗಿ ಹಸಿವೂ ಇಲ್ಲ.

ತಂತಿಯ ತುದಿಯನ್ನು ಅಡಿಯಿಂದ ಕಾವು ಕೊಡುವ ಹೀಟ್ ಮ್ಯಾಟ್‌ಗೂ ಡಬ್ಬಿಯ ತಳಕ್ಕೂ ನಡುವೆ ಅಂಟಿಸಿ, ಒಳಗಿನ ತಳ 29ಕ್ಕೆ ನಿಲ್ಲುವಂತೆ ಹೊಂದಿಸಿದೆವು. ತಂಪು ಬದಿ 23. ಹೊಟ್ಟು ತೆಗೆದು ಕಾಗದ ಹಾಸಿದೆವು. ಅಡಗುಗೂಡುಗಳೂ ದೊಡ್ಡವಾಗಿದ್ದವು. ಸುರುಳಿ ಸುತ್ತಿದಾಗ ಮೈ ನಾಲ್ಕೂ ಕಡೆ ಗೋಡೆಗೆ ತಾಗಿದರೇನೇ ಮರಿಗೆ ಧೈರ್ಯ. ಎರಡೂ ಬದಿಗೆ ಒಂದೊಂದು ಚಿಕ್ಕ ಗೂಡು ಇಟ್ಟೆವು. ಡಬ್ಬಿ ಆರು ಲೀಟರಿನ ಚಪ್ಪಲಿ ಡಬ್ಬಿಯಷ್ಟಿದ್ದರೆ ಸಾಕು. ಮೂರಡಿ ಗಾಜಿನ ಪೆಟ್ಟಿಗೆಯಲ್ಲಿ ಐದು ಗ್ರಾಂನ ಮರಿ ಬಯಲಲ್ಲಿ ಬಿಟ್ಟಂತೆ ಹೆದರಿಕೊಂಡಿರುತ್ತದೆ.

ಇನ್ನು ಏಳು ದಿನ ನೀರು ಬದಲಿಸುವುದಕ್ಕೆ ಬಿಟ್ಟು ಮುಚ್ಚಳ ತೆಗೆಯುವಂತಿಲ್ಲ.

ಸೆಪ್ಟೆಂಬರ್ 12
5.7 ಗ್ರಾಂ. ಇಂದಿನಿಂದ ಪಿಂಕಿಯನ್ನು ತೊಳೆದು ಕೊಡುವುದು. ಸುವಾಸನೆ ಇಲ್ಲದ ಪಾತ್ರೆ ತೊಳೆಯುವ ದ್ರವ ಒಂದು ಹನಿ, ಬೆಚ್ಚಗಿನ ನೀರು, ಮೆತ್ತಗೆ ಉಜ್ಜಿ ಎರಡು ಸಲ ಜಾಲಿಸಬೇಕು. ಇಲಿಗೂಡಿನ ಮೂತ್ರದ ವಾಸನೆ, ಫ್ರೀಜರ್ ವಾಸನೆ ಎರಡೂ ಹೋಗುತ್ತವೆ. ಕತ್ತಲೆಯಾದ ಮೇಲೆ ಇಟ್ಟೆವು. ಮರಿ ಹೊರಬಂದು ನಾಲಿಗೆ ಆಡಿಸಿತು, ಮೂಗು ತಾಗಿಸಿತು, ಹಿಂದೆ ಸರಿಯಿತು. ತಿನ್ನಲಿಲ್ಲ, ಆದರೆ ಗೂಡು ಬಿಟ್ಟು ಬಂದದ್ದು ಇದೇ ಮೊದಲು. ಡಬ್ಬಿ ಸರಿಹೋಗಿದೆ, ಇನ್ನು ಪ್ರಶ್ನೆ ಇಲಿಯದ್ದು.

ಸೆಪ್ಟೆಂಬರ್ 18
ತಲೆ ಸೀಳಿದ ಪಿಂಕಿ. ತೊಳೆದ ಪಿಂಕಿಯ ನೆತ್ತಿಯನ್ನು ಬ್ಲೇಡಿನಿಂದ ಎರಡು ಮಿಲಿಮೀಟರ್ ಸೀಳಿ, ಮೆದುಳಿನ ರಸವನ್ನು ಅದರ ಮೂತಿಗೆ ಸವರುವುದು. ನೋಡಲು ಹಿತವಲ್ಲ, ಆದರೆ ಹಟ ಹಿಡಿದ ಮರಿಗಳಲ್ಲಿ ಎಷ್ಟೋ ಇದಕ್ಕೆ ಬಗ್ಗುತ್ತವೆ. ಇದು ಬಗ್ಗಲಿಲ್ಲ. 5.6.

ಸೆಪ್ಟೆಂಬರ್ 23
ಕಾಲು ಲೀಟರಿನ ಡೆಲಿ ಕಪ್ (ಮುಚ್ಚಳವಿರುವ ಪ್ಲಾಸ್ಟಿಕ್ ಬಟ್ಟಲು), ಮುಚ್ಚಳಕ್ಕೆ ಸೂಜಿಯಿಂದ ಹತ್ತು ತೂತು, ಒಳಗೆ ಮಡಿಸಿದ ಕಾಗದ, ಅದರಡಿ ಪಿಂಕಿ, ಜೊತೆಗೆ ಮರಿ. ರಾತ್ರಿಯಿಡೀ ಕತ್ತಲಲ್ಲಿ, 27 ಡಿಗ್ರಿಯಲ್ಲಿ. ಕಪ್ಪನ್ನು ನೇರವಾಗಿ ಹೀಟ್ ಮ್ಯಾಟ್ ಮೇಲೆ ಇಡಬಾರದು, ಒಳಗಿರುವ ಮರಿಗೆ ತಪ್ಪಿಸಿಕೊಳ್ಳಲು ತಂಪು ಜಾಗ ಇರುವುದಿಲ್ಲ. ಬೆಳಿಗ್ಗೆ ಮರಿ ಪಿಂಕಿಯ ಮೇಲೆಯೇ ಸುರುಳಿ ಸುತ್ತಿ ಮಲಗಿತ್ತು. 5.5.

ಸೆಪ್ಟೆಂಬರ್ 29
ಕೆಣಕಿ ಕೊಡುವ ಪ್ರಯತ್ನ. 25 ಸೆಂಟಿಮೀಟರ್ ಉದ್ದದ ಚಿಮಟದಲ್ಲಿ ಪಿಂಕಿ ಹಿಡಿದು ಹಾವಿನ ಮರಿಯ ಬಾಲದ ಬುಡಕ್ಕೆ ಮೆಲ್ಲಗೆ ತಟ್ಟುವುದು. ಸಿಟ್ಟಿಗೆ ಕಚ್ಚಿದ ಮರುಕ್ಷಣ ಕೈ ಕಲ್ಲಿನಂತೆ ನಿಲ್ಲಬೇಕು. ಬಾಯಲ್ಲಿದ್ದದ್ದು ಆಹಾರ ಎಂದು ಹೊಳೆದರೆ ನುಂಗಲು ಶುರುಮಾಡುತ್ತದೆ. ಕುತ್ತಿಗೆಯನ್ನು ‘ಎಸ್’ ಆಕಾರಕ್ಕೆ ಬಾಗಿಸಿ ಬಾಲ ನಡುಗಿಸುವ ಸಿಡುಕು ಮರಿಗಳಿಗೆ ಇದು ಚೆನ್ನಾಗಿ ನಾಟುತ್ತದೆ. 13 ಅಂಥದ್ದಲ್ಲ. ಎರಡು ಸಲ ಕಚ್ಚಿ ಬಿಟ್ಟಿತು, ಆಮೇಲೆ ತಲೆಯನ್ನು ಸುರುಳಿಯಡಿ ಬಚ್ಚಿಟ್ಟುಕೊಂಡಿತು. ಹತ್ತು ನಿಮಿಷಕ್ಕೆ ನಿಲ್ಲಿಸಿದೆವು. ಅಂಜುವ ಮರಿಯನ್ನು ಕೆಣಕಿದರೆ ಚಿಮಟ ಕಂಡರೇ ಓಡುವ ಅಭ್ಯಾಸ ಬೀಳುತ್ತದೆ, ಇದನ್ನು ಮತ್ತೆ ಮಾಡುವುದಿಲ್ಲ. 5.4.

ಅಕ್ಟೋಬರ್ 4
ಇಂದು ಪಿಂಕಿ ಇಲ್ಲ, ಕಿವಿ ಶುಚಿ ಮಾಡುವ ಹತ್ತಿಯ ಕಡ್ಡಿಗಳು. ಹಾವಿನ ನಾಲಿಗೆ ವಾಸನೆಯ ಕಣಗಳನ್ನು ಅಂಗುಳಿನಲ್ಲಿರುವ ಜೇಕಬ್ಸನ್ ಅಂಗಕ್ಕೆ ಒಯ್ಯುತ್ತದೆ. ಯಾವ ವಾಸನೆ ಆಹಾರ ಎಂಬುದು ಮರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. 1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಗೋರ್ಡನ್ ಬರ್ಗಾರ್ಟ್, ಒಮ್ಮೆಯೂ ಏನನ್ನೂ ತಿಂದಿರದ ಗಾರ್ಟರ್ ಹಾವಿನ ಮರಿಗಳ ಮುಂದೆ ಬೇಟೆಯ ಸಾರದಲ್ಲಿ ಅದ್ದಿದ ಹತ್ತಿ ಹಿಡಿದು ಇದನ್ನು ತೋರಿಸಿದ್ದರು. ಅದೇ ಪರೀಕ್ಷೆಯನ್ನು ಮನೆಯಲ್ಲೂ ಮಾಡಬಹುದು. ಬೆಚ್ಚಗಿನ ನೀರಲ್ಲಿ ಅದ್ದಿದ ಕಡ್ಡಿಯನ್ನು ಒಂದೊಂದು ವಾಸನೆಗೆ ಉಜ್ಜಿ, ಮೂತಿಯಿಂದ ಎರಡು ಸೆಂಟಿಮೀಟರ್ ದೂರ ಹಿಡಿದು, ಒಂದು ನಿಮಿಷದಲ್ಲಿ ಎಷ್ಟು ಸಲ ನಾಲಿಗೆ ಆಡಿಸಿತು ಎಂದು ಎಣಿಸುವುದು. ಕಡ್ಡಿಗೊಂದರಂತೆ ಇಪ್ಪತ್ತು ನಿಮಿಷ ಬಿಡುವು. ಹದಿಮೂರಕ್ಕೆ ಬಂದ ಲೆಕ್ಕ: ಬರೀ ನೀರು 6, ತೊಳೆಯದ ಪಿಂಕಿ 9, ಉಪ್ಪಿಲ್ಲದ ಕೋಳಿ ಸಾರು 7, ಅನೋಲ್ ಹಲ್ಲಿ 31. ಕೊನೆಯದರಲ್ಲಿ ನಿಮಿಷ ಮುಗಿಯುವ ಮೊದಲೇ ಕಡ್ಡಿಯನ್ನು ಕಚ್ಚಿ ಹಿಡಿಯಿತು.

ಐದು ವಾರದ ಒಗಟಿಗೆ ಒಂದೂವರೆ ಗಂಟೆಯಲ್ಲಿ ಉತ್ತರ ಸಿಕ್ಕಿತು. ಮುಂದಿನ ಸಲ ಇದನ್ನೇ ಮೊದಲು ಮಾಡಬೇಕು. ಕಾರ್ನ್ ಸ್ನೇಕ್‌ನ ತವರು ಅಮೆರಿಕದ ಆಗ್ನೇಯ ರಾಜ್ಯಗಳು. ಅಲ್ಲಿ ಅದರ ಮರಿಗಳು ಹಲ್ಲಿ, ಮರಗಪ್ಪೆಗಳನ್ನು ತಿಂದು ಬೆಳೆದು, ದೊಡ್ಡವಾದ ಮೇಲೆ ಇಲಿಗೆ ಹೋಗುತ್ತವೆ. ನಮ್ಮ ಕಡೆಯ ಕೇರೆಯ ಮರಿಯೂ ಕಪ್ಪೆ ಹಿಡಿದೇ ಶುರುಮಾಡುವುದು. ಹದಿಮೂರನೆಯದು ಹಟಮಾರಿಯಲ್ಲ. ಅದರ ಮಟ್ಟಿಗೆ ಇಲಿ ಆಹಾರವೇ ಆಗಿರಲಿಲ್ಲ, ಅಷ್ಟೇ.

ಅಕ್ಟೋಬರ್ 5
5.3 ಗ್ರಾಂ, ಆಧಾರ ತೂಕದಿಂದ ಶೇ 10 ಇಳಿದಿದೆ. ಹೆಪ್ಪುಗಟ್ಟಿದ ಕಂದು ಅನೋಲ್ ಒಂದನ್ನು ಕರಗಿಸಿದೆವು. ಇದು 30 ದಿನಕ್ಕೂ ಹೆಚ್ಚು ಫ್ರೀಜರ್‌ನಲ್ಲಿದ್ದದ್ದು. ಹಿಡಿದ ಹಲ್ಲಿಯನ್ನು ಹಸಿಯಾಗಿ ಬಳಸಿದರೆ ಅದರ ಪರಾವಲಂಬಿ ಹುಳುಗಳು ಹಾವಿಗೆ ದಾಟಬಹುದು. ಹೆಪ್ಪುಗಟ್ಟಿಸಿದರೆ ಆ ಅಪಾಯ ತಗ್ಗುತ್ತದೆ. ಸಾಲ್ಮೊನೆಲ್ಲಾ ಮಾತ್ರ ಫ್ರೀಜರ್‌ನಲ್ಲಿ ಸಾಯುವುದಿಲ್ಲ. ಹಾಗಾಗಿ ಚಿಮಟ, ಬ್ಲೇಡು, ಬಟ್ಟಲು ಎಲ್ಲ ಬೇರೆ. ಅಡುಗೆಮನೆಯ ಸಿಂಕಿನಲ್ಲಿ ತೊಳೆಯುವುದಿಲ್ಲ. ಐದು ವರ್ಷದೊಳಗಿನ ಮಕ್ಕಳ ಕೈಗೆ ಹಾವನ್ನಾಗಲಿ ಈ ಸಾಮಾನನ್ನಾಗಲಿ ಕೊಡುವುದಿಲ್ಲ.

ಪಿಂಕಿಯನ್ನು ಮೊದಲು ತೊಳೆಯಲೇಬೇಕು. ಇಲಿಯ ವಾಸನೆಯ ಮೇಲೆ ಹಲ್ಲಿಯ ವಾಸನೆ ಬಳಿದರೆ ಎರಡೂ ಕಲಸಿಕೊಳ್ಳುತ್ತವೆ. ತೊಳೆದು ಇನ್ನೂ ಒದ್ದೆಯಿರುವಾಗಲೇ ಹಲ್ಲಿಯ ಹೊಟ್ಟೆಭಾಗಕ್ಕೆ ಪಿಂಕಿಯ ತಲೆ ಮತ್ತು ಭುಜವನ್ನು ಒಂದು ನಿಮಿಷ ಉಜ್ಜಿ, ಹಲ್ಲಿಯ ಬಾಲದಿಂದ ಅಕ್ಕಿಕಾಳಿನಷ್ಟು ಚರ್ಮ ಕಿತ್ತು ಮೂತಿಗೆ ಅಂಟಿಸಿದೆವು. ಖಾಲಿ ಹೊಟ್ಟೆಗೆ ಭಾರವಾಗದಂತೆ ಪಿಂಕಿಯನ್ನು ಅರ್ಧಕ್ಕೆ ಕತ್ತರಿಸಿ ತಲೆಯ ಕಡೆಯ ತುಂಡು ಮಾತ್ರ, 0.7 ಗ್ರಾಂ. ರಾತ್ರಿ ಒಂಬತ್ತಕ್ಕೆ ಇಟ್ಟು ದೀಪ ಆರಿಸಿದೆವು.

ಒಂಬತ್ತೂಕಾಲಕ್ಕೆ ಬಾಯಲ್ಲಿತ್ತು. ಒಂಬತ್ತೂವರೆಗೆ ಕುತ್ತಿಗೆಯ ಕೆಳಗೆ ಉಬ್ಬು. ತಿಂದಿತು!

ಅಕ್ಟೋಬರ್ 11
ಐದನೇ ದಿನ ಮಲ ಬಂತು, ಗಟ್ಟಿ, ಜೊತೆಗೆ ಬಿಳಿ ಯೂರೇಟ್ (ಹಾವಿನ ಮೂತ್ರದ ಗಟ್ಟಿ ರೂಪ). ಕರುಳು ಕೆಲಸ ಮಾಡುತ್ತಿದೆ. ತಿಂದ ಮೇಲೆ 48 ಗಂಟೆ ಮುಟ್ಟಿರಲಿಲ್ಲ. ಇಂದು 5.6 ಗ್ರಾಂ. ಅದೇ ರೀತಿ ಹಲ್ಲಿ ಉಜ್ಜಿದ ಇಡೀ ಪಿಂಕಿ, 1.2 ಗ್ರಾಂ. ತಿಂದಿತು.

ಅಕ್ಟೋಬರ್ 17
6.0. ಚರ್ಮದ ತುಂಡಿಲ್ಲ, ಉಜ್ಜಿದ್ದಷ್ಟೇ. ತಿಂದಿತು.

ಅಕ್ಟೋಬರ್ 23
6.3. ಹಲ್ಲಿಯನ್ನು ಪೂರ್ತಿ ಬಿಟ್ಟು ಬರೀ ತೊಳೆದ ಪಿಂಕಿ ಇಟ್ಟೆವು. ಬೇಡವೆಂದಿತು. ಆತುರಪಟ್ಟೆವು. ಮರುದಿನವೇ ಹಲ್ಲಿ ಹಚ್ಚಿ ಕೊಡಬೇಕೆನಿಸುತ್ತದೆ, ಕೊಡಬಾರದು. ದಿನಾ ಮುಚ್ಚಳ ತೆಗೆದು ತೊಂದರೆ ಕೊಟ್ಟಷ್ಟೂ ಮರಿ ಮುದುಡುತ್ತದೆ. ಐದು ದಿನದ ಬಿಡುವು ನಿಯಮ.

ಅಕ್ಟೋಬರ್ 28
6.2. ಮೂತಿಗೆ ಮಾತ್ರ ಹಲ್ಲಿ ತಾಗಿಸಿದ್ದು. ತಿಂದಿತು. ವಾಸನೆ ಬಿಡಿಸುವ ಕ್ರಮ ಇದು: ಮೊದಲು ತಲೆ-ಭುಜ, ಆಮೇಲೆ ಮೂತಿಯ ತುದಿ, ಆಮೇಲೆ ಹಲ್ಲಿಯನ್ನು ಅದ್ದಿ ತೆಗೆದ ನೀರಿನ ಒಂದು ಹನಿ, ಕೊನೆಗೆ ಏನೂ ಇಲ್ಲ. ಒಂದು ಮೆಟ್ಟಿಲಲ್ಲಿ ತಿಂದ ಮೇಲೇ ಮುಂದಿನದು.

ನವೆಂಬರ್ 3
6.6. ಮೂತಿಗೆ ಹಲ್ಲಿ ತಾಗಿಸಿದ ಎರಡು ಪಿಂಕಿ, ಒಟ್ಟು 2.9 ಗ್ರಾಂ. ಎರಡನ್ನೂ ನುಂಗಿತು.

ನವೆಂಬರ್ 5
ಎರಡನ್ನೂ ಕಕ್ಕಿತು. 6.6 ಗ್ರಾಂನ ಮರಿಗೆ 2.9 ಎಂದರೆ ಮೈತೂಕದ ಶೇ 44. ಈ ವಯಸ್ಸಿಗೆ ಶೇ 15ರಿಂದ 20ರ ಸುತ್ತ ಇರಬೇಕಾದದ್ದು. ಇಳಿದ ತೂಕವನ್ನು ಒಂದೇ ಊಟದಲ್ಲಿ ತುಂಬಿಸಲು ಹೋದದ್ದು ನಮ್ಮ ತಪ್ಪು. ಕಕ್ಕುವುದು ಊಟ ಬಿಡುವುದಕ್ಕಿಂತ ಕೆಟ್ಟದ್ದು. ಆಹಾರದ ಜೊತೆ ನೀರು, ಜಠರದ ರಸ ಎಲ್ಲ ಹೊರಹೋಗುತ್ತವೆ, ಅನ್ನನಾಳಕ್ಕೆ ಆಮ್ಲ ತಾಗಿ ಕೆರಳುತ್ತದೆ. ಚೇತರಿಸಿಕೊಳ್ಳುವ ಮೊದಲೇ ಮತ್ತೆ ಊಟ ಕೊಟ್ಟರೆ ಮತ್ತೆ ಕಕ್ಕುತ್ತದೆ. ಎರಡು ಮೂರು ಸಲ ಹೀಗಾದರೆ ಇಷ್ಟು ಚಿಕ್ಕ ಮರಿ ಉಳಿಯುವುದು ಕಷ್ಟ.

ಡಬ್ಬಿ ಪೂರ್ತಿ ತೊಳೆದು ಹೊಸ ಕಾಗದ, ಹೊಸ ನೀರು. ಹನ್ನೆರಡು ದಿನ ಉಪವಾಸ, ಮುಟ್ಟುವಂತಿಲ್ಲ.

ಈ ನಡುವೆ ಊರಿನಿಂದ ಬಂದ ಸಲಹೆ ಹಾಲು. ಹಾವಿಗೆ ಹಾಲು ಆಹಾರವಲ್ಲ, ಜೀರ್ಣವಾಗುವುದೂ ಇಲ್ಲ. ಬಾಯಾರಿದ ಹಾವು ಎದುರಿಗಿದ್ದ ದ್ರವವನ್ನು ಕುಡಿಯಬಹುದು, ಆಮೇಲೆ ಭೇದಿಯಾಗಿ ಇರುವ ನೀರನ್ನೂ ಕಳೆದುಕೊಳ್ಳುತ್ತದೆ. ಕಕ್ಕಿದ ಮರಿಗೆ ಬೇಕಾದದ್ದು ಶುದ್ಧ ನೀರು ಮತ್ತು ಏಕಾಂತ.

ನವೆಂಬರ್ 17
6.0. ಅರ್ಧ ಪಿಂಕಿ, 0.7 ಗ್ರಾಂ, ಹಲ್ಲಿ ಉಜ್ಜಿದ್ದು. ಮತ್ತೆ ಮೊದಲ ಮೆಟ್ಟಿಲಿಗೇ ಇಳಿದೆವು. ತಿಂದಿತು, ಕಕ್ಕಲಿಲ್ಲ.

ನವೆಂಬರ್ 24
6.3. ಮತ್ತೆ ಅರ್ಧ, ಮೂತಿಗೆ ಮಾತ್ರ ಹಲ್ಲಿ. ತಿಂದಿತು.

ಡಿಸೆಂಬರ್ 1
6.6. ಇಡೀ ಪಿಂಕಿ, 1.2. ಮೂತಿಗೆ ಹಲ್ಲಿ. ತಿಂದಿತು. ಮನೆಯ ಹೀಟರ್ ಹಗಲೂ ರಾತ್ರಿ ಓಡುತ್ತಿದೆ, ಕೋಣೆಯ ತೇವಾಂಶ ಶೇ 25ಕ್ಕೆ ಇಳಿದಿದೆ. ಒದ್ದೆ ಪಾಚಿ ತುಂಬಿದ ಚಿಕ್ಕ ಡಬ್ಬಿಯೊಂದನ್ನು ಒಳಗಿಟ್ಟೆವು. ಒಣಗಾಳಿಯಲ್ಲಿ ಪೊರೆ ಚೂರುಚೂರಾಗಿ ಬಾಲದ ತುದಿಗೆ ಬಿಗಿದುಕೊಳ್ಳುತ್ತದೆ.

ಡಿಸೆಂಬರ್ 8
ಕಣ್ಣಿಗೆ ಹಾಲುಬಣ್ಣದ ಪರೆ ಬಂದಿದೆ, ಪೊರೆ ಬಿಡುವ ಮುನ್ಸೂಚನೆ. ಈ ದಿನಗಳಲ್ಲಿ ಹಾವಿಗೆ ಕಣ್ಣು ಸರಿಯಾಗಿ ಕಾಣದು, ಊಟ ಬಿಡುವುದು ಸಹಜ. ಕೊಡಲಿಲ್ಲ.

ಡಿಸೆಂಬರ್ 15
12ರಂದು ಪೊರೆ ಬಿಟ್ಟಿದೆ, ಇಡಿಯಾಗಿ. 7.0. ಹಲ್ಲಿ ನೀರಿನ ಒಂದು ಹನಿ. ತಿಂದಿತು. ಪೊರೆ ಬಿಟ್ಟ ಮರುವಾರ ಹಸಿವು ಚುರುಕಾಗಿರುತ್ತದೆ, ಮೆಟ್ಟಿಲು ಇಳಿಸಲು ಒಳ್ಳೆಯ ಹೊತ್ತು.

ಹಲ್ಲಿಗೂ ಬಗ್ಗದಿದ್ದರೆ ಏನು ಮಾಡುತ್ತಿದ್ದೆವು ಎಂಬುದನ್ನೂ ಬರೆದಿಡಬೇಕು. ಒಂದು ಸಲ ಜೀವಂತ ಪಿಂಕಿ. ಅದಕ್ಕೆ ಹಲ್ಲುಗಳಿಲ್ಲ, ಹಾವಿಗೆ ಅಪಾಯವಿಲ್ಲ. ಆದರೆ ಕಣ್ಣು ಬಿಟ್ಟ ಇಲಿಯನ್ನು ಎಂದೂ ಡಬ್ಬಿಯಲ್ಲಿ ಬಿಡಬಾರದು, ಅದು ಹಾವನ್ನೇ ಕಡಿದು ಕೊಲ್ಲಬಲ್ಲದು. 5.0 ಗ್ರಾಂ ಮುಟ್ಟಿದ್ದರೆ ಬಾಯಿಗಿಟ್ಟು ತಿನ್ನಿಸುವುದು: ತಲೆಯ ಹಿಂಭಾಗವನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು, ನೀರಲ್ಲಿ ಅದ್ದಿದ ಪಿಂಕಿ ತಲೆಯ ಮೂತಿಯಿಂದಲೇ ಬಾಯಿಯನ್ನು ಮೆಲ್ಲಗೆ ತೆರೆಸಿ, ಹಲ್ಲುಗಳಿಗೆ ಸಿಕ್ಕಿಸಿ, ಮರಿಯನ್ನು ಕೆಳಗಿಟ್ಟು ಅಲುಗಾಡದೆ ಕಾಯುವುದು. ನುಂಗುವ ಕೆಲಸ ಅದರದ್ದೇ. ಉಗುಳಿದರೆ ಎರಡು ಸಲಕ್ಕಿಂತ ಹೆಚ್ಚು ಯತ್ನಿಸಬಾರದು. ಗಂಟಲಿಗೆ ನಳಿಕೆ ಇಳಿಸುವುದು ಸರೀಸೃಪ ತಿಳಿದ ಪಶುವೈದ್ಯರ ಕೆಲಸ, ಮನೆಯಲ್ಲಿ ಮಾಡುವಂಥದ್ದಲ್ಲ.

ಡಿಸೆಂಬರ್ 22
7.5. ಹಲ್ಲಿ ಇಲ್ಲ, ಸೋಪು ಇಲ್ಲ. ನೀರಲ್ಲಿ ಬೆಚ್ಚಗೆ ಮಾಡಿ ಒರೆಸಿದ ಮಾಮೂಲಿ ಪಿಂಕಿ, 1.3 ಗ್ರಾಂ. ಮೂತಿ ತಾಗಿಸಿತು, ಸುತ್ತ ಒಂದು ಸುತ್ತು ಬಂತು, ಗೂಡಿಗೆ ಹೋಯಿತು. ಹನ್ನೊಂದಕ್ಕೆ ದೀಪ ಹಾಕದೆ ನೋಡಿದಾಗ ಕಾಗದದ ಮೇಲೆ ಪಿಂಕಿ ಇರಲಿಲ್ಲ. ಕಾಗದದಡಿ, ಪಾಚಿಯೊಳಗೆ, ನೀರಿನ ಬಟ್ಟಲ ಹಿಂದೆ ಹುಡುಕಿದೆವು. ಎಲ್ಲೂ ಇರಲಿಲ್ಲ. ಮರಿಯ ಹೊಟ್ಟೆಯ ನಡುವೆ ಉಬ್ಬು ಇತ್ತು.

ಡಿಸೆಂಬರ್ 29
8.0 ಗ್ರಾಂ. ಮಾಮೂಲಿ ಪಿಂಕಿ, 1.4. ಇಟ್ಟ ಎರಡು ನಿಮಿಷಕ್ಕೆ ಹಿಡಿಯಿತು. ಅನೋಲ್‌ನ ಉಳಿದ ಭಾಗ ಚೀಲದಲ್ಲಿ ಗುರುತು ಬರೆದು ಫ್ರೀಜರ್‌ನಲ್ಲಿದೆ. ಮುಂದಿನ ಊಟ ಜನವರಿ 5ಕ್ಕೆ.