ಇಷ್ಟೆಲ್ಲ ಸೇವೆ ಮಾಡ್ತೀರಲ್ಲ, ನಿಮಗೆ ಸುಸ್ತಾಗಲ್ವಾ?

ಈ ಪ್ರಶ್ನೆಯನ್ನು ನನಗೆ ಕೇಳದವರು ಕಡಿಮೆ. ಚರ್ಚಿನಲ್ಲಿ ಆರಾಧನೆ ಮುಗಿದು ಕುರ್ಚಿ ಎತ್ತಿಡುವಾಗ ಯಾರಾದರೂ ಕೇಳುತ್ತಾರೆ. ಸಂಡೇ ಸ್ಕೂಲಿನಲ್ಲಿ ಪಾಠ ಹೇಳಲು ಹೊಸದಾಗಿ ಬಂದ ಹುಡುಗಿಯರು ಕೇಳುತ್ತಾರೆ. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಒಬ್ಬ ಗೆಳತಿ ಕೇಳಿದ್ದು ಮಾತ್ರ ಬೇರೆ ಥರ. "ಸುಸ್ತಾಗದೆ ಇರೋದು ಹೇಗೆ ಅಂತ ಹೇಳು. ನನ್ನ ಹತ್ತಿರ ಇನ್ನೇನೂ ಉಳಿದಿಲ್ಲ."

ಸುಸ್ತಾಗುತ್ತದೆ. ಯಾಕೆ ಆಗಲ್ಲ? ಯೇಸುಸ್ವಾಮಿಯೇ ದಾರಿ ನಡೆದು ದಣಿದು ಬಾವಿಯ ಬಳಿ ಕುಳಿತವರು. ಅಂಥ ಸುಸ್ತು ಒಂದು ರಾತ್ರಿಯ ನಿದ್ದೆಗೆ ಹೋಗುತ್ತದೆ. ಜನ ಕೇಳುತ್ತಿರುವುದು ನಿದ್ದೆ ಮಾಡಿ ಎದ್ದರೂ ಹೋಗದ ಸುಸ್ತಿನ ಬಗ್ಗೆ. ಬರ್ನ್‌ಔಟ್ ಅನ್ನುತ್ತಾರಲ್ಲ, ಅದು. ದೀಪದಲ್ಲಿ ಎಣ್ಣೆ ಮುಗಿದ ಮೇಲೂ ಸ್ವಲ್ಪ ಹೊತ್ತು ಬೆಳಕು ಇರುತ್ತದೆ, ಗಮನಿಸಿದ್ದೀರಾ? ಆಗ ಸುಡುತ್ತಿರುವುದು ಬತ್ತಿ. ದೂರದಲ್ಲಿ ನಿಂತವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹತ್ತಿರ ಇದ್ದವರಿಗೆ ವಾಸನೆ ಬರುತ್ತದೆ.

ನಮ್ಮ ಮನೆಯವರಿಗೆ ಆ ವಾಸನೆ ನನಗಿಂತ ಮೊದಲೇ ಬಂದಿತ್ತು.

ಆ ವರ್ಷ ನನ್ನ ಕೈಯಲ್ಲಿ ಸಂಡೇ ಸ್ಕೂಲ್ ಇತ್ತು, ಹಾಡುವವರ ಕ್ವೈರ್ ಇತ್ತು, ಸ್ತ್ರೀಯರ ಕೂಟದ ಲೆಕ್ಕ ಇತ್ತು, ಕಾಯಿಲೆಯವರನ್ನು ನೋಡಿ ಪ್ರಾರ್ಥಿಸಿ ಬರುವ ಕೆಲಸ ಇತ್ತು. ನೌಕರಿ ಹೇಗೂ ಇದ್ದೇ ಇತ್ತು. ಒಂದು ಸಂಜೆ ಆಸ್ಪತ್ರೆಯಲ್ಲಿದ್ದ ಒಬ್ಬ ಅಜ್ಜಿಯ ಹತ್ತಿರ ಹೋದೆ. ಅವರು ನನ್ನ ಕೈ ಹಿಡಿದುಕೊಂಡು ತೀರಿಹೋದ ಮಗನ ಕಥೆ ಶುರು ಮಾಡಿದರು. ನಾನು ಅದನ್ನು ಕೇಳುತ್ತಿದ್ದದ್ದು ಮೂರನೇ ಸಲ. ಅವರ ಮಂಚದ ಹಿಂದಿನ ಗೋಡೆಗೆ ಗಡಿಯಾರ ಇತ್ತು. ನನ್ನ ಬಾಯಿ "ಹೌದಾ ಅಜ್ಜಿ, ಅಯ್ಯೋ ಹೌದಾ" ಅನ್ನುತ್ತಿತ್ತು. ಕಣ್ಣು ಮಾತ್ರ ಅವರ ತಲೆಯ ಮೇಲಿಂದ ಹಾದು ಮುಳ್ಳನ್ನೇ ನೋಡುತ್ತಿತ್ತು. ಅವರು ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದರು. ನನ್ನ ಕೈಯನ್ನು ತಾವೇ ಬಿಡಿಸಿ, ಹೊದಿಕೆಯ ಮೇಲಿಟ್ಟು, ಮೆಲ್ಲಗೆ ಎರಡು ಸಲ ತಟ್ಟಿದರು. "ನಿನಗೆ ಹೊತ್ತಾಯಿತು ಅಲ್ವಾ ಮಗಳೇ? ಹೋಗು."

ಕೋಪ ಇರಲಿಲ್ಲ ಅವರಿಗೆ, ಕನಿಕರ ಇತ್ತು. ಸಂತೈಸಲು ಹೋದವಳನ್ನು ಕಾಯಿಲೆಯವರೇ ಸಂತೈಸಿ ಕಳಿಸಿದರು. ಮೆಟ್ಟಿಲಿಳಿಯುವಾಗ ನನಗೆ ನಾಚಿಕೆ ಆಗಬೇಕಿತ್ತು. ಆಗಲಿಲ್ಲ. ಸದ್ಯ, ಬೇಗ ಮುಗಿಯಿತು ಅನ್ನಿಸಿತು. ಆಮೇಲೆ ಎಷ್ಟೋ ರಾತ್ರಿ ನನ್ನನ್ನು ಹೆದರಿಸಿದ್ದು ಆ "ಸದ್ಯ".

ಈ ಬರ್ನ್‌ಔಟ್ ಪದದ ಹಿಂದೆ ಒಂದು ಕಥೆ ಇದೆ. ಅದನ್ನು ಮನಶ್ಶಾಸ್ತ್ರದ ಬರಹಕ್ಕೆ ತಂದವರು ನ್ಯೂಯಾರ್ಕಿನ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್, 1974ರಲ್ಲಿ. ಅವರು ಹಗಲಿಡೀ ತಮ್ಮ ರೋಗಿಗಳನ್ನು ನೋಡಿ, ಸಂಜೆಯ ಮೇಲೆ ಒಂದು ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದರು. ಅಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಬಹಳಷ್ಟು ಜನ ಸ್ವಯಂಸೇವಕರು. ಅಂದರೆ ಈ ಪದ ಹುಟ್ಟಿದ್ದೇ ನಮ್ಮಂಥವರನ್ನು ನೋಡಿ. ಮನಸ್ಸಿಲ್ಲದೆ ಕೆಲಸ ಮಾಡುವವರಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ. ಮೊದಲು ಉರಿದವರೇ ತಾನೇ ಆರಿಹೋಗುವುದು? ಆಮೇಲೆ ಕ್ರಿಸ್ಟಿನಾ ಮಸ್ಲಾಕ್ ಎಂಬ ಸಂಶೋಧಕಿ ಇದರ ಮೂರು ಮುಖಗಳನ್ನು ಗುರುತಿಸಿದರು. ಒಳಗೆಲ್ಲ ಬರಿದಾಗುವುದು ಒಂದು. ಎದುರಿಗಿರುವ ಮನುಷ್ಯ ಮನುಷ್ಯನಾಗಿ ಕಾಣದೆ ಹೋಗುವುದು ಇನ್ನೊಂದು. ನಾನು ಮಾಡಿದ್ದರಿಂದ ಏನೂ ಆಗಲಿಲ್ಲ ಅನ್ನಿಸುವುದು ಮೂರನೆಯದು. ಎರಡನೆಯದನ್ನು ಓದಿದಾಗ ನನಗೆ ಆ ಗಡಿಯಾರ ನೆನಪಾಯಿತು.

ತಮಾಷೆ ಏನಂದರೆ, ನಮ್ಮ ವಲಯದಲ್ಲಿ ಈ ಸುಟ್ಟುಹೋಗುವುದು ಒಂದು ಕಾಲಕ್ಕೆ ಪ್ರಾರ್ಥನೆಯೇ ಆಗಿತ್ತು. 1806ರಲ್ಲಿ ಕಲ್ಕತ್ತಕ್ಕೆ ಬಂದಿಳಿದ ಇಂಗ್ಲೆಂಡಿನ ಪಾದ್ರಿ ಹೆನ್ರಿ ಮಾರ್ಟಿನ್, ಇನ್ನು ದೇವರಿಗಾಗಿ ಉರಿದು ಮುಗಿಯುತ್ತೇನೆ ಎಂದು ದಿನಚರಿಯಲ್ಲಿ ಬರೆದುಕೊಂಡ. 1812ರಲ್ಲಿ, 31ನೇ ವಯಸ್ಸಿಗೆ, ಪರದೇಶದ ದಾರಿಯಲ್ಲಿ ತೀರಿಕೊಂಡ. ಅಷ್ಟರಲ್ಲಿ ಬೈಬಲಿನ ಹೊಸ ಒಡಂಬಡಿಕೆಯನ್ನು ಉರ್ದುವಿಗೂ ಪಾರ್ಸಿಗೂ ತಂದಿದ್ದ. ಅವನನ್ನು ಹಗುರವಾಗಿ ಕಾಣುವ ಯೋಗ್ಯತೆ ನನಗಿಲ್ಲ. ಆದರೆ ಆ ಮಾತನ್ನು ಎತ್ತಿಕೊಂಡು ಬಂದು, ಎರಡು ಚಿಕ್ಕ ಮಕ್ಕಳ ತಾಯಿಗೆ ಇನ್ನೊಂದು ಜವಾಬ್ದಾರಿ ಹೊರಿಸಲು ಬಳಸುತ್ತಾರಲ್ಲ, ಅದಕ್ಕೆ ನನ್ನ ತಕರಾರು ಇದೆ.

ಈಗ ನನ್ನ ಉತ್ತರ. ಅದು ಸಿಕ್ಕಿದ್ದು ಪ್ರವಾದಿ ಎಲೀಯನ ಕಥೆಯಲ್ಲಿ, ಬೈಬಲಿನ 1 ಅರಸುಗಳು 19ರಲ್ಲಿ.

ಅವನ ಪ್ರಾರ್ಥನೆಗೆ ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿದಿದೆ. ಅದಕ್ಕಿಂತ ದೊಡ್ಡ ಗೆಲುವು ಅವನ ಬಾಳಿನಲ್ಲಿಲ್ಲ. ಅಂಥವನು ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಓಡಿಹೋಗಿ, ಅಡವಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು, ಸಾಕಾಯಿತು, ನನ್ನ ಪ್ರಾಣ ತೆಗೆದುಬಿಡು ಅನ್ನುತ್ತಾನೆ. ದೇವರು ಏನು ಮಾಡುತ್ತಾರೆ? ಬೈಯುವುದಿಲ್ಲ. ನಿನ್ನ ನಂಬಿಕೆ ಎಲ್ಲಿ ಹೋಯಿತು ಅನ್ನುವುದಿಲ್ಲ. ಅವನು ಮಲಗಿಬಿಡುತ್ತಾನೆ. ದೂತನು ತಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಅನ್ನುತ್ತಾನೆ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗುತ್ತಾನೆ. ಮತ್ತೆ ಎಬ್ಬಿಸಿ, ಮತ್ತೆ ತಿನ್ನಿಸಿ, ನೀನು ಹೋಗಬೇಕಾದ ದಾರಿ ಬಹಳ ಇದೆ ಅನ್ನುತ್ತಾನೆ. ಪ್ರಸಂಗದಲ್ಲಿ ನಾವು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತೇವೆ. ಚೆನ್ನಾಗಿ ತಿನ್ನಿ, ನಿದ್ದೆ ಮಾಡಿ, ಆಮೆನ್. ಅದು ಸರಿಯೇ. ನಾನೂ ಅದನ್ನೇ ಮಾಡಿದೆ. ಎರಡು ವಾರ ರಜೆ ಹಾಕಿದೆ, ಕಣ್ತುಂಬ ನಿದ್ದೆ ಮಾಡಿದೆ, ವಾಪಸ್ ಬಂದ ಮೂರನೇ ವಾರಕ್ಕೆ ಮತ್ತೆ ಅಲ್ಲೇ ಇದ್ದೆ.

ಕಥೆ ಮುಂದೆ ಇದೆ. ಹೋರೇಬ್ ಬೆಟ್ಟದ ಗವಿಯಲ್ಲಿ ದೇವರು ಅವನನ್ನು ಇಲ್ಲೇನು ಮಾಡುತ್ತಿದ್ದೀ ಎಂದು ಎರಡು ಸಲ ಕೇಳುತ್ತಾರೆ. ಎರಡು ಸಲವೂ ಅವನು ಒಂದೇ ಉತ್ತರ ಒಪ್ಪಿಸುತ್ತಾನೆ, ಬಾಯಿಪಾಠದ ಹಾಗೆ: ನಿನಗೋಸ್ಕರ ಇಷ್ಟೆಲ್ಲ ಮಾಡಿದೆ, ನಾನೊಬ್ಬನೇ ಉಳಿದಿದ್ದೇನೆ. ನಾನೊಬ್ಬನೇ. ಕೊನೆಗೆ ದೇವರು ಅವನಿಗೆ ಒಂದು ಹೆಸರು, ಒಂದು ಲೆಕ್ಕ ಕೊಡುತ್ತಾರೆ. ಎಲೀಷನನ್ನು ನಿನ್ನ ಜಾಗಕ್ಕೆ ಅಭಿಷೇಕಿಸು. ಬಾಳ್ ಎಂಬ ದೇವತೆಗೆ ಅಡ್ಡಬೀಳದ 7,000 ಜನ ನನಗಿದ್ದಾರೆ.

ಏಳು ಸಾವಿರ! ಎಲೀಯನ ಲೆಕ್ಕದಲ್ಲಿ ಒಂದು.

ನನ್ನನ್ನು ಸುಟ್ಟದ್ದು ಕೆಲಸದ ರಾಶಿಗಿಂತ ಜಾಸ್ತಿ ಈ ಲೆಕ್ಕ. "ನಾನು ಹೋಗದಿದ್ದರೆ ಇನ್ಯಾರು ಹೋಗುತ್ತಾರೆ?" ಕೇಳಲು ಇದು ಪ್ರೀತಿಯ ಮಾತಿನ ಹಾಗಿದೆ. ಸ್ವಲ್ಪ ಕೆರೆದು ನೋಡಿದರೆ ಅಡಿಯಲ್ಲಿ ಬೇರೆ ಬಣ್ಣ ಕಾಣುತ್ತದೆ. ನಾನು ಯಾರನ್ನಾದರೂ ಕೇಳಿದ್ದೆನಾ? ಇಲ್ಲ. ಯಾರಿಗಾದರೂ ಕಲಿಸಿದ್ದೆನಾ? ಇಲ್ಲ. ಲೆಕ್ಕದ ಪುಸ್ತಕವನ್ನು ಬೇರೆಯವರು ಮುಟ್ಟಿದರೆ ನನಗೆ ಆಗುತ್ತಿರಲಿಲ್ಲ. ಹಾಗಿದ್ದೂ ಮನೆಗೆ ಬಂದು ಯಾರೂ ಸಹಾಯ ಮಾಡುವುದಿಲ್ಲ ಎಂದು ಗೊಣಗುತ್ತಿದ್ದೆ. ಲೋಕವನ್ನು ರಕ್ಷಿಸುವ ಕೆಲಸಕ್ಕೆ ಈಗಾಗಲೇ ಒಬ್ಬರು ಇದ್ದಾರೆ ಎಂದು ಮಕ್ಕಳಿಗೆ ಪಾಠ ಹೇಳುತ್ತಿದ್ದವಳು ನಾನೇ.

ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಒಂದು ಮಾತಿದೆ. ಅದು ನನಗೆ ಬಹಳ ದಿನ ಇಷ್ಟವಾಗಿರಲಿಲ್ಲ. ಹಿಂದಿನ ಸಂಜೆ ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು. ಇನ್ನೂ ಕತ್ತಲಿರುವಾಗಲೇ ಯೇಸುಸ್ವಾಮಿ ಎದ್ದು ಪ್ರಾರ್ಥನೆಗೆ ಹೋಗಿದ್ದಾರೆ. ಶಿಷ್ಯ ಸೀಮೋನನು ಹುಡುಕಿಕೊಂಡು ಬಂದು, ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆ ಅನ್ನುತ್ತಾನೆ. ಅದಕ್ಕೆ ಅವರ ಉತ್ತರ: ಪಕ್ಕದ ಊರುಗಳಿಗೆ ಹೋಗೋಣ. ಹಾಗಾದರೆ ಹುಡುಕುತ್ತಿದ್ದವರು? ಅವತ್ತು ಬೆಳಿಗ್ಗೆ ಕಾಯಿಲೆಯವರನ್ನು ಹೊತ್ತು ತಂದವರು? ಅವರಿಗೇನಾಯಿತು ಎಂದು ಸುವಾರ್ತೆ ಹೇಳುವುದಿಲ್ಲ. ಯೇಸುವೇ ಎಲ್ಲ ಕರೆಗೂ ಹೂಂ ಅನ್ನಲಿಲ್ಲ. ನಾನು ಮಾತ್ರ ಫೋನ್ ಒಂದು ಸಲ ರಿಂಗಾದರೆ ಸಾಕು, ಅದನ್ನೇ ದೇವರ ಕರೆ ಅಂದುಕೊಳ್ಳುತ್ತಿದ್ದೆ.

ಹಾಗಂತ ತಪ್ಪೆಲ್ಲ ಸುಟ್ಟುಹೋದವರದ್ದೇ ಅನ್ನಲಾರೆ. ಯಾವ ಸಭೆಯಲ್ಲಿ ನೋಡಿದರೂ ಅದೇ ಹತ್ತು ಮುಖ ಎಲ್ಲ ಕೆಲಸಕ್ಕೂ. ಒಲ್ಲೆ ಅನ್ನದ ಎತ್ತಿನ ಮೇಲೇ ಎಲ್ಲರೂ ಹೇರುತ್ತಾರೆ. ಆಮೇಲೆ ಅದು ಕುಸಿದರೆ ಪ್ರಾರ್ಥನಾ ಜೀವನ ಸರಿಯಿಲ್ಲ ಅನ್ನುತ್ತಾರೆ. ಬೆಳಿಗ್ಗೆಯಿಂದ ಸಂಜೆವರೆಗೆ ನ್ಯಾಯ ತೀರಿಸುತ್ತಾ ಕುಳಿತ ಇಸ್ರಾಯೇಲರ ನಾಯಕ ಮೋಶೆಯನ್ನು ನೋಡಿ ಮಾವ ಇತ್ರೋ ಹೊಗಳಲಿಲ್ಲ. ನೀನು ಮಾಡುವುದು ಒಳ್ಳೆಯದಲ್ಲ, ನೀನೂ ಬಳಲುತ್ತೀ, ಈ ಜನರೂ ಬಳಲುತ್ತಾರೆ ಅಂದ. ಜನರೂ ಎಂಬುದನ್ನು ಗಮನಿಸಿ. ಒಬ್ಬನೇ ಎಲ್ಲ ಮಾಡಿದರೆ ಸಾಲಿನಲ್ಲಿ ಕಾಯುವವರಿಗೂ ಕಷ್ಟ. ದೇವರ ಗುಡಾರದ ಸೇವೆಗೆ ನೇಮಕವಾದ ಲೇವಿಯ ಕುಲದವರಿಗಂತೂ 50 ವರ್ಷಕ್ಕೆ ಆ ಕೆಲಸದಿಂದ ಬಿಡುಗಡೆ. ಆಮೇಲೆ ತಮ್ಮವರಿಗೆ ನೆರವಾಗಬಹುದು, ಭಾರದ ಕೆಲಸ ಇಲ್ಲ. ಬೈಬಲಿನ ಅರಣ್ಯಕಾಂಡದ 8ನೇ ಅಧ್ಯಾಯದಲ್ಲಿದೆ. ಇದರ ಮೇಲೆ ಒಂದು ಪ್ರಸಂಗವನ್ನೂ ನಾನು ಈವರೆಗೆ ಕೇಳಿಲ್ಲ!

ಆದರೆ ಆ ಗೆಳತಿಗೆ ನಾನು ಇದನ್ನೆಲ್ಲ ಹೇಳಲಿಲ್ಲ. ಹಾಸಿಗೆಯಲ್ಲಿ ಇರುವವರನ್ನು ಬಿಟ್ಟು ಪಕ್ಕದ ಊರಿಗೆ ಹೋಗೋಣ ಅಂದರೆ ಆಗುತ್ತದಾ? ಅವಳಿಗೆ "ಇಲ್ಲ ಅನ್ನೋದು ಕಲಿ" ಅನ್ನುವುದು ಕ್ರೂರ. ಯುದ್ಧ ನಡೆಯುವಾಗ ಎತ್ತಿ ಹಿಡಿದಿದ್ದ ಮೋಶೆಯ ಕೈ ಸೋತಾಗ ಜೊತೆಗಿದ್ದ ಆರೋನ ಮತ್ತು ಹೂರ ಏನು ಮಾಡಿದರು? ಮೊದಲು ಒಂದು ಕಲ್ಲು ತಂದಿಟ್ಟು ಕೂರಿಸಿದರು. ಆಮೇಲೆ ಆಚೆ ಒಬ್ಬ, ಈಚೆ ಒಬ್ಬ ನಿಂತು ಕೈ ಹಿಡಿದರು. ಅವಳಿಗೆ ಬೇಕಿದ್ದದ್ದು ಆ ಕಲ್ಲು. ಈಗ ವಾರಕ್ಕೆ ಎರಡು ಮಧ್ಯಾಹ್ನ ನಮ್ಮಲ್ಲಿ ಯಾರಾದರೂ ಒಬ್ಬರು ಹೋಗಿ ಅತ್ತೆಯ ಹತ್ತಿರ ಕೂರುತ್ತೇವೆ. ಅವಳು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಮಲಗುತ್ತಾಳೋ ಅಳುತ್ತಾಳೋ, ನಾವು ಕೇಳುವುದಿಲ್ಲ.

ನಾನು ಬದಲಾಯಿಸಿಕೊಂಡದ್ದು ದೊಡ್ಡದೇನಲ್ಲ. ಯಾರಾದರೂ ಕೆಲಸ ಕೇಳಿದರೆ ಅಲ್ಲೇ ಹೂಂ ಅನ್ನುವುದಿಲ್ಲ, "ನಾಳೆ ಹೇಳ್ತೀನಿ" ಅನ್ನುತ್ತೇನೆ. ಅರ್ಧಕ್ಕರ್ಧ ಕೆಲಸ ನಾಳೆಯ ಹೊತ್ತಿಗೆ ಬೇರೆ ಯಾರಿಗೋ ಹೋಗಿರುತ್ತದೆ. ಒಪ್ಪಿಕೊಂಡದ್ದಕ್ಕೆ ಮುಗಿಯುವ ತಿಂಗಳು ಯಾವುದು ಎಂದು ಮೊದಲೇ ಕೇಳುತ್ತೇನೆ. ಭೇಟಿಗೆ ಒಬ್ಬಳೇ ಹೋಗುವುದಿಲ್ಲ. ಸೋಮವಾರ ಫೋನ್ ಬೀರುವಿನಲ್ಲಿ. ಸೋಮವಾರ ಯಾಕೆ ಅಂದರೆ, ಸೇವೆಯಲ್ಲಿರುವವರಿಗೆ ಭಾನುವಾರ ವಿಶ್ರಾಂತಿಯ ದಿನ ಅನ್ನುವುದು ಸುಮ್ನೆ ಮಾತು, ಅಲ್ವಾ? ಕ್ವೈರ್ ಬಿಟ್ಟೆ. ಅದು ನಿಜವಾಗಿಯೂ ನೋವಾಯಿತು.

ಇನ್ನೊಂದು ಮಾತು. ವಾರಗಟ್ಟಲೆ ನಿದ್ದೆ ಬರದಿದ್ದರೆ, ಯಾವುದರಲ್ಲೂ ರುಚಿ ಇಲ್ಲದಿದ್ದರೆ, ಬದುಕು ಬೇಡ ಅನ್ನಿಸಿದರೆ, ಅದನ್ನು ಸೇವೆಯ ದಣಿವು ಎಂದು ತಳ್ಳಿಹಾಕಬೇಡಿ. ಡಾಕ್ಟರ ಹತ್ತಿರ ಹೋಗಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಕೆಲಸದ ಒತ್ತಡದಿಂದ ಬರುವ ಸ್ಥಿತಿ, ಅದೇ ಒಂದು ರೋಗವಲ್ಲ ಅಂದಿತು. ಖಿನ್ನತೆ ಮಾತ್ರ ರೋಗ, ಅದಕ್ಕೆ ಚಿಕಿತ್ಸೆ ಇದೆ. ಪ್ರಾರ್ಥನೆಯ ಜೊತೆಗೆ ಮಾತ್ರೆ ತೆಗೆದುಕೊಂಡರೆ ದೇವರಿಗೆ ಬೇಸರವಾಗುವುದಿಲ್ಲ.

ಕಳೆದ ತಿಂಗಳು ಒಂದು ಸೋಮವಾರ ಯಾರದ್ದೋ ಮನೆಯಿಂದ ಕರೆ ಬಂದಿತ್ತು. ನನ್ನ ಫೋನ್ ಬೀರುವಿನಲ್ಲಿತ್ತು. ಅವರು ಸಂಡೇ ಸ್ಕೂಲಿನ ಒಬ್ಬ ಹುಡುಗಿಗೆ ಕರೆ ಮಾಡಿದರು. ಅವಳು ಹೋಗಿ, ರಾತ್ರಿ ಒಂಬತ್ತರವರೆಗೆ ಕೂತು, ಹಾಡಿ, ಪ್ರಾರ್ಥಿಸಿ ಬಂದಳು. ಮುಂದಿನ ಭಾನುವಾರ ಆ ಮನೆಯವರು ಸಿಕ್ಕರು. ಕ್ಷಮಿಸಿ, ಅವತ್ತು ನಾನು ಸಿಗಲಿಲ್ಲ ಅಂದೆ. "ಪರವಾಗಿಲ್ಲ ಬಿಡಿ, ಆ ಹುಡುಗಿ ಬಂದಿದ್ದಳು. ಎಷ್ಟು ಚೆನ್ನಾಗಿ ಮಾತಾಡಿಸಿದಳು ಅಂತೀರಾ! ಮುಂದಿನ ಸಲವೂ ಅವಳನ್ನೇ ಕಳಿಸಿ" ಅಂದರು.

ಸ್ತೋತ್ರ ಅಂದೆ. ಒಳಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.