ಖಾಲಿ ಹಾಳೆಯ ಕೆಳಗಿನ ಸಹಿ

ತೊಗರಿ ರಾಶಿ ನಡೆದಿದ್ದ ದಿನಗಳಲ್ಲಿ, ಬೈಕ್ ಕಳವಿನ ಸಂಶಯದ ಮೇಲೆ ನನ್ನ ಸೋದರಮಾವನ ಮಗನನ್ನು ಪೊಲೀಸರು ಹಿಡಿದೊಯ್ದಿದ್ದರು. ಮಾವ ಮತ್ತು ನಾನು ಕಲಬುರಗಿಯಿಂದ ಆ ಠಾಣೆಗೆ ತಲುಪುವಷ್ಟರಲ್ಲಿ ಅವನು ಮೂರು ಖಾಲಿ ಹಾಳೆಗಳ ಕೆಳತುದಿಯಲ್ಲಿ ಸಹಿ ಹಾಕಿಯಾಗಿತ್ತು. "ತಪ್ಪ ಮಾಡಿಲ್ಲಂದ್ರ ಯಾಕ ಸುಮ್ಮ ಕುಂತಿ ಅಂತ ಕೇಳಿದ್ರು, ಅಣ್ಣಾ" ಎಂದ ಅವನ ಕೈ ಇನ್ನೂ ನಡುಗುತ್ತಿತ್ತು.

ಮೌನವೇ ಸಮ್ಮತಿ ಎಂದು ಕೇಳುತ್ತ ಬೆಳೆದ ನಮಗೆ, ಸುಮ್ಮನಿರುವುದೂ ಒಂದು ಹಕ್ಕು ಎಂಬುದು ಹೊಳೆಯುವುದೇ ಇಲ್ಲ. ಆದರೆ ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತಪಡಿಸಬಾರದೆಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಈ ರಕ್ಷಣೆ ನ್ಯಾಯಾಲಯದ ಕಟಕಟೆಗಷ್ಟೇ ಅಲ್ಲ, ಠಾಣೆಯ ವಿಚಾರಣೆಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 1978ರಲ್ಲಿ, ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿ ಅವರ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ನಡೆಸಬಾರದೆಂಬ 2010ರ ತೀರ್ಪು ಬಂದದ್ದು ನಮ್ಮ ಕರ್ನಾಟಕ ಸರ್ಕಾರವೇ ಪ್ರತಿವಾದಿಯಾಗಿದ್ದ ಪ್ರಕರಣದಲ್ಲಿ. ಹಾಗೆಂದು ಹೆಸರು, ವಿಳಾಸ ಮುಚ್ಚಿಡುವಂತಿಲ್ಲ. ಬೆರಳಚ್ಚು ಕೊಡಲು ನಿರಾಕರಿಸುವುದಕ್ಕೂ ಈ ವಿಧಿ ನೆರವಾಗದು.

ನನ್ನನ್ನು ಹೆಚ್ಚು ಕಾಡಿದ್ದು ಆ ಖಾಲಿ ಹಾಳೆಗಳು. ವಿಚಾರಣೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಹೇಳಿದವನ ಸಹಿಯನ್ನೇ ಪಡೆಯಬಾರದೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 181ನೇ ಕಲಂ ಹೇಳುತ್ತದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನೂ ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ. ಆದರೆ ಆರೋಪಿ ಕೊಟ್ಟ ಮಾಹಿತಿಯಿಂದ ಮಾಲು ಸಿಕ್ಕರೆ, ಮಾತಿನ ಅಷ್ಟು ಭಾಗ ಸಾಕ್ಷ್ಯವಾಗಬಲ್ಲದು. ಬಿಳಿ ಹಾಳೆಯ ಸಹಿಯ ಮೇಲೆ ಮುಂದೆ ಯಾವ ಪಂಚನಾಮೆ, ಯಾವ ಮಾಹಿತಿ ಬರೆಯಲ್ಪಡುತ್ತದೆ ಎಂಬುದು ಸಹಿ ಮಾಡಿದವನ ಕೈಯಲ್ಲಿ ಇರುವುದಿಲ್ಲ, ಅಪಾಯವಿರುವುದು ಅಲ್ಲಿಯೇ.

ಬಂಧನದ ಕಾರಣ ತಿಳಿಯುವ, ವಕೀಲರನ್ನು ಕಾಣುವ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಹಕ್ಕುಗಳು ಅವನಿಗಿದ್ದವು. ಅವುಗಳಲ್ಲಿ ಒಂದನ್ನಾದರೂ ಅವನಿಗೆ ಯಾರೂ ಹೇಳಿರಲಿಲ್ಲ. ಪದವಿ ಓದಿದ ನಾನು ಹೇಳಿಕೊಡಬಹುದಿತ್ತು, ನನಗೂ ಗೊತ್ತಿರಲಿಲ್ಲ.

ಮರುದಿನ ಬೈಕು ಬೇರೆಡೆ ಸಿಕ್ಕಿ, ಅವನನ್ನು ಬಿಟ್ಟು ಕಳಿಸಿದರು. ಉಚಿತ ಕಾನೂನು ನೆರವಿನ ಸಹಾಯವಾಣಿ 15100 ಎಂಬ ಸಂಖ್ಯೆಯನ್ನು ಮಾವ ಈಗ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಾರೆ. ಹೋದಾಗಲೆಲ್ಲ ಅವರು ನನ್ನನ್ನು ಕೇಳುವುದು ಒಂದೇ ಮಾತು: "ಆ ಮೂರು ಹಾಳಿ ಎಲ್ಲಿ ಅದಾವೋ ತಮ್ಮಾ?"