ಆಗ್ಡೆನ್ನರ ಜಾಡಿನಲ್ಲಿ ಶಿಕಾಗೊದಿಂದ ಪೆಷ್ಟಿಗೊಗೆ

ಶಿಕಾಗೊ ಹಿಸ್ಟರಿ ಮ್ಯೂಸಿಯಂನಲ್ಲಿರುವ 'ಪಯೋನಿಯರ್' ಎಂಬ ಪುಟ್ಟ ಉಗಿ ಎಂಜಿನ್ನಿನ ಮುಂದೆ ಬಹಳ ಹೊತ್ತು ನಿಂತೆ. 1848ರ ಅಕ್ಟೋಬರಿನಲ್ಲಿ ಊರಿನ ಮೊದಲ ರೈಲನ್ನು ಪಶ್ಚಿಮಕ್ಕೆ ಎಳೆದದ್ದು ಇದೇ. ಪೂರ್ವ ಕರಾವಳಿಯ ಹಣವಂತರು ಗಂಟು ಬಿಚ್ಚದಿದ್ದಾಗ ದಾರಿಯುದ್ದದ ರೈತರಿಗೇ ಷೇರು ಮಾರಿ ಆ ರೈಲು ಓಡಿಸಿದವರು ವಿಲಿಯಂ ಬಟ್ಲರ್ ಆಗ್ಡೆನ್, ಶಿಕಾಗೊದ ಮೊದಲ ಮೇಯರ್.

1835ರಲ್ಲಿ ಅವರು ಬಂದದ್ದು ಭಾವ ಕೊಂಡಿದ್ದ ಜಮೀನು ನೋಡಿಕೊಳ್ಳಲು. ನೋಡಿದರೆ ಬರೀ ಜೌಗು! ಆದರೂ ಮೂರನೇ ಒಂದು ಪಾಲು ಮಾರುವಷ್ಟರಲ್ಲಿ ಇಡೀ ಜಮೀನಿನ ಅಸಲು ಕೈಸೇರಿತು. ಅಮೆರಿಕ ಸರ್ಕಾರದ ಜೊತೆಗಿನ ಒಪ್ಪಂದಕ್ಕೆ ಕಟ್ಟುಬಿದ್ದು ಇಲ್ಲಿನ ಮೂಲನಿವಾಸಿಗಳಾದ ಪೊಟವಾಟಮಿ ಜನ ಈ ಸೀಮೆ ತೊರೆಯುತ್ತಿದ್ದ ಕಾಲವೂ ಅದೇ. ಆಗ್ಡೆನ್ನರ ಏಳಿಗೆಯನ್ನು ಓದುವಾಗ ಇದನ್ನು ಮರೆಯಲಾಗದು. 1837ರಲ್ಲಿ ಮೇಯರ್ ಆದರು. ಆ ವರ್ಷವೇ ಮಾರುಕಟ್ಟೆ ಕುಸಿದು, ಸಾಲ ತೀರಿಸುವುದೇ ಬೇಡವೆಂಬ ಕೂಗೆದ್ದಾಗ, ಊರಿನ ಮಾತು ಉಳಿಯಬೇಕೆಂದು ಎದುರು ನಿಂತರು. ನನಗೆ ಅವರು ಹಿಡಿಸುವುದು ಇಲ್ಲಿ.

ಅಲ್ಲಿಂದ ಉತ್ತರಕ್ಕೆ, ಸುಮಾರು 400 ಕಿ.ಮೀ. ದೂರದ ವಿಸ್ಕಾನ್ಸಿನ್‌ನ ಪೆಷ್ಟಿಗೊಗೆ ಹೋದೆ. ಇಲ್ಲಿ ಆಗ್ಡೆನ್ನರ ಕಂಪನಿಯ ಗರಗಸದ ಗಿರಣಿಯಿತ್ತು. ಬಕೆಟ್ಟು, ತೊಟ್ಟಿ, ಪೊರಕೆ ಹಿಡಿಗಳನ್ನು ಮಾಡುವ ದೊಡ್ಡ ಕಾರ್ಖಾನೆಯಿತ್ತು. ಬೆಳೆಯುವ ಶಿಕಾಗೊಗೆ ಮರ ಹೋಗುತ್ತಿದ್ದುದು ಇಂಥ ಕಾಡುಗಳಿಂದ. ಮಳೆಯಿಲ್ಲದ ಬೇಸಿಗೆ ಕಳೆದು, 1871ರ ಅಕ್ಟೋಬರ್ 8ರ ರಾತ್ರಿ ಎರಡೂ ಊರು ಹೊತ್ತಿಕೊಂಡವು. ಶಿಕಾಗೊದಲ್ಲಿ ಸತ್ತವರು ಸುಮಾರು 300. ಪೆಷ್ಟಿಗೊ ಸೀಮೆಯಲ್ಲಿ 1,200ಕ್ಕೂ ಹೆಚ್ಚು. ಬದುಕಿದವರಲ್ಲಿ ಹಲವರು ಹೊಳೆಗೆ ಹಾರಿ, ತಲೆಗೆ ನೀರೆರಚಿಕೊಳ್ಳುತ್ತ ರಾತ್ರಿ ಕಳೆದವರು. ಇಲ್ಲಿನ ಮ್ಯೂಸಿಯಂ ಪಕ್ಕದ ಸ್ಮಶಾನದಲ್ಲಿ ಗುರುತೇ ಸಿಗದ ಸುಮಾರು 350 ಮಂದಿಗೆ ಒಂದೇ ಸಮಾಧಿ. ಓಲಿಯರಿ ಎಂಬಾಕೆಯ ಹಸು ಲಾಂದ್ರ ಒದ್ದು ಬೆಂಕಿ ಹತ್ತಿತೆಂಬ ಕಟ್ಟುಕಥೆ ಸಮೇತ ಶಿಕಾಗೊದ ಬೆಂಕಿ ಜಗತ್ತಿಗೆಲ್ಲ ಗೊತ್ತು. ಇವರ ಸುದ್ದಿ ಎಷ್ಟು ಮಂದಿಗೆ ಗೊತ್ತು? ಆ ಸಮಾಧಿಯೆದುರು ನನಗೆ ಸಿಟ್ಟೇ ಬಂತು.

ಒಂದೇ ರಾತ್ರಿ ಎರಡೂ ಕಡೆ ಆಸ್ತಿ ಕಳೆದುಕೊಂಡ ಆಗ್ಡೆನ್ನರಿಗೆ ಆಗ 66 ವರ್ಷ. ನ್ಯೂಯಾರ್ಕಿನಿಂದ ಓಡಿಬಂದು ಶಿಕಾಗೊದ ಬೂದಿ ಕಂಡವರು ಪೆಷ್ಟಿಗೊಗೂ ಬಂದು, ಊರನ್ನು ಮತ್ತೆ ಕಟ್ಟುವ ಕೆಲಸಕ್ಕೆ ನಿಂತರು. 1877ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಶಿಕಾಗೊದಲ್ಲಿ ಅವರ ಹೆಸರಿನ ರಸ್ತೆಯಿದೆ. ಅಲ್ಲಿಗೆ ಹೋಗುವವರು ಪೆಷ್ಟಿಗೊಗೂ ಒಂದು ದಿನ ಎತ್ತಿಡಿ.